ಅರ್ಚನಾ ಮೇಡಂ, ನಿಮ್ಮ ಪಾಳಿ

ಕೊಟ್ಟೂರು
೩ ಡಿಸೆಂಬರ್ ೧೯೯೮

ಸೌ. ಸುಮಲತಾ ಅವರಿಗೆ,

ನಿಮ್ಮ ಕಾರ್ಡು ಮುಟ್ಟಿತು. ನಮ್ಮ ಕ್ಷೇಮ ಕೇಳಿದ್ದೀರಿ. ಮಗಳನ್ನು ಮಣ್ಣಿಗಿಟ್ಟು ಒಂಬತ್ತೂವರೆ ತಿಂಗಳಾದ ಮನೆಯಲ್ಲಿ ಎಷ್ಟು ಕ್ಷೇಮ ಇರಬಹುದೋ ಅಷ್ಟಿದೆ.

ನಿಮ್ಮ ಯಜಮಾನರು ಕ್ರಿಸ್‌ಮಸ್ ರಜೆಗೆ ನಿಮ್ಮನ್ನೂ ನನ್ನ ಮೊಮ್ಮಗಳು ಪಂಪಾವತಿಯನ್ನೂ ಕರೆದುಕೊಂಡು ಮನಾಲಿಗೆ ಹೊರಟಿದ್ದಾರೆ, ಅಲ್ಲಿ ಹಿಮ ಬೀಳುತ್ತದೆ, ಪಂಪಿಯ ಸ್ವೆಟರ್ ಕೊಟ್ಟೂರಲ್ಲೇ ಉಳಿದಿದೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿ ಎಂದಿದ್ದೀರಿ. ಅದು ಅರ್ಚನಾ ಹೆಣೆದ ಸ್ವೆಟರ್. ಕಳಿಸುವುದಿಲ್ಲ.

ಹಡಗಲಿಯ ಬ್ಯಾಂಕಿನಲ್ಲಿ ಕೂತು ಊರವರ ಚೀಟಿಗಳಿಗೆ ಮುದ್ರೆ ಒತ್ತುವ ಮನುಷ್ಯನಿಗೆ ಹಿಮದ ಮೇಲೆ ಜಾರುವ ಚಟ ಎಲ್ಲಿಂದ ಹತ್ತಿತೋ. ನನ್ನ ಮಗಳ ಜೊತೆ ಏಳು ವರ್ಷ ಬಾಳಿದರು. ತಮ್ಮ ತಾಯಿಯ ಊರು ಹಂಪಸಾಗರದ ಹೊಳೆಯ ದಂಡೆ ಬಿಟ್ಟು ಆಚೆಗೆ ಅವಳನ್ನು ಕರೆದೊಯ್ದವರಲ್ಲ. ಅವಳು ಸತ್ತು ಆರು ತಿಂಗಳಿಗೆ ಮದುವೆ, ಹತ್ತು ತಿಂಗಳಿಗೆ ಹಿಮಾಲಯ. ಮೆಚ್ಚಬೇಕಾದ ವೇಗ.

ನಮ್ಮ ಮನೆಯಲ್ಲಿ ವರ್ಷ ತುಂಬುವ ತನಕ ಒಲೆಯ ಮೇಲೆ ಎಣ್ಣೆಯ ಬಾಣಲಿ ಇಡುವುದಿಲ್ಲ. ದೀಪಾವಳಿಯೂ ಹಾಗೇ ಕಳೆಯಿತು. ನಮ್ಮ ಯಜಮಾನರು ವೀರಭದ್ರಯ್ಯನವರು ಹಿತ್ತಲ ಕಲ್ಲಿನ ಮೇಲೆ ಕೂತರೆ ಊಟಕ್ಕೆ ಕರೆಯುವ ತನಕ ಏಳುವುದಿಲ್ಲ. ಇದನ್ನೆಲ್ಲ ನಿಮಗೆ ಬರೆಯುವ ಅಗತ್ಯ ಇರಲಿಲ್ಲ.

ಅಗತ್ಯ ಇರುವುದು ಒಂದೇ ಮಾತು. ಪಂಪಿಯನ್ನು ರಜೆಗೆ ಇಲ್ಲಿ ಬಿಡಿ. ಜೂನ್‌ನಲ್ಲಿ ಅವಳನ್ನು ಇಲ್ಲಿಯ ಶಾಲೆಗೇ ಒಂದನೇ ತರಗತಿಗೆ ಸೇರಿಸುತ್ತೇನೆ. ಮುಂದೆಯೂ ಅವಳು ನನ್ನಲ್ಲೇ ಬೆಳೆಯಲಿ. ಹೊಸ ಸಂಸಾರಕ್ಕೆ ಹಳೆಯ ಮಗು ಅಡ್ಡಿ. ನೀವು ಬಾಯಿಬಿಟ್ಟು ಹೇಳಲಾರಿರಿ, ಅದಕ್ಕೇ ನಾನು ಹೇಳಿದ್ದೇನೆ. ನಿಮ್ಮ ಯಜಮಾನರಿಗೂ ಹಗುರಾಗುತ್ತದೆ.

ಇಂತಿ,
ಅರ್ಚನಾಳ ತಾಯಿ
ಶಿವಬಸಮ್ಮ


ಹಡಗಲಿ
೧೧ ಡಿಸೆಂಬರ್ ೧೯೯೮

ತಾಯಿ ಸಮಾನರಾದ ಶಿವಬಸಮ್ಮನವರಿಗೆ ಸುಮಲತಾ ಮಾಡುವ ಶರಣು.

ಪತ್ರ ಓದಿದೆ. ಅವರಿಗೂ ತೋರಿಸಿದೆ. ಪಂಪಿಯ ಟಿಕೀಟು ಆಗಿಹೋಗಿದೆ, ಬಿಟ್ಟು ಹೋಗುವ ಮಾತೇ ಇಲ್ಲ ಎಂದರು. ಸ್ವೆಟರ್ ಹೊಸಪೇಟೆಯಲ್ಲಿ ಕೊಂಡೆವು.

ಎರಡನೆಯವಳಾಗಿ ಬಂದವಳು ಮೊದಲನೆಯವಳ ತವರಿಗೆ ಮಗಳಾಗಬೇಕು, ಅಲ್ಲಿ ಉಡಿ ತುಂಬಿಸಿಕೊಂಡೇ ಸಂಸಾರ ಶುರು ಮಾಡಬೇಕು ಎಂದು ನನ್ನ ತವರೂರು ತೆಲಿಗಿಯಲ್ಲಿ ಹೇಳುತ್ತಾರೆ. ಮದುವೆಯ ಮಾರನೇ ದಿನ ನಾನು ಕೊಟ್ಟೂರಿಗೆ ಬಂದಿದ್ದೆ. ನೀವು ಬಾಗಿಲು ತೆಗೆಯಲಿಲ್ಲ. ಕಟ್ಟೆಯ ಮೇಲೆ ಒಂದು ತಾಸು ಕೂತು ಸಂಜೆಯ ಬಸ್ಸಿಗೆ ಹಿಂದಿರುಗಿದೆ. ಆಡಿಕೊಳ್ಳಲು ಬರೆಯುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿರಲಿಲ್ಲವೇನೋ.

ಜೂನ್ ತಿಂಗಳ ಮಾತಿಗೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಆದರೆ ಪಂಪಿ ನನಗೆ ಅಡ್ಡಿ ಎಂದು ನೀವು ಬರೆದದ್ದು ಸರಿಯಲ್ಲ. ಬೆಳಿಗ್ಗೆ ನಾನು ಬಾಚಿದರೆ ಮಾತ್ರ ಜಡೆ ಹಾಕಿಸಿಕೊಳ್ಳುತ್ತಾಳೆ.

ಇತಿ ನಮಸ್ಕಾರಗಳು,
ಸುಮಲತಾ


ಮನಾಲಿ
೨೯ ಡಿಸೆಂಬರ್ ೧೯೯೮

ಶಿವಬಸಮ್ಮನವರಿಗೆ ಶರಣು.

"ಅಜ್ಜಿಗೆ ಬರಿ" ಎಂದು ಪಂಪಿ ಗಂಟುಬಿದ್ದಿದ್ದಾಳೆ. ಅವಳು ಆರೋಗ್ಯವಾಗಿದ್ದಾಳೆ. ಮೂಗು ಸುರಿಯುತ್ತದೆ, ಇಲ್ಲಿ ಎಲ್ಲರದ್ದೂ ಸುರಿಯುತ್ತದೆ.

ನಾವು ದಾವಣಗೆರೆಯ ಟೂರಿನವರ ಜೊತೆ ಬಂದಿದ್ದೇವೆ. ಮೂವತ್ತೆರಡು ಜನ, ಒಬ್ಬ ಅಡಿಗೆಯವನು. ನಿಮ್ಮೂರಿನ ಬಟ್ಟೆ ಅಂಗಡಿ ಪಂಚಾಕ್ಷರಪ್ಪನವರೂ ಅವರ ಮನೆಯವರು ಮೈಲಮ್ಮನವರೂ ಇದ್ದಾರೆ. ಹಿಮದ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೂದಲಿನ ಕೋಟು, ರಬ್ಬರ್ ಬೂಟು ಬಾಡಿಗೆಗೆ ಕೊಡುವ ಅಂಗಡಿಗಳ ಸಾಲೇ ಇದೆ. ಪ್ರತಿ ಕೋಟಿನ ಬೆನ್ನಿಗೂ ಅಂಗಡಿಯ ನಂಬರು. ನನ್ನ ಕೋಟಿನಲ್ಲಿ ಹಿಂದೆ ತೊಟ್ಟವರೆಲ್ಲರ ಬೆವರೂ ಇತ್ತು. ಪಂಚಾಕ್ಷರಪ್ಪನವರು ಪಂಚೆಯನ್ನು ಬೂಟಿನೊಳಗೆ ತುರುಕಿ, ನೇರಳೆ ಬಣ್ಣದ ಕೋಟು ತೊಟ್ಟು ಕೈ ಅಗಲಿಸಿ ನಿಂತರು. ಮೈಲಮ್ಮನವರು ನೋಡಿ, "ಕರಡಿ ಆಡ್ಸೋರು ಬಂದ್ರ ಈಗ ನಿಮ್ಮನ್ನ ಬಿಟ್ಟು ಹೋಗಂಗಿಲ್ಲ ನೋಡ್ರಿ" ಎಂದರು. ಈ ಪ್ರವಾಸದಲ್ಲಿ ನಾನು ನಕ್ಕದ್ದು ಆವಾಗ ಒಂದೇ ಸಲ.

ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಆಟಕ್ಕಾಗಿ ನಿಮ್ಮ ಅಳಿಯ ಮೂರು ತಿಂಗಳಿಂದ ಕುಣಿಯುತ್ತಿದ್ದರು. ಮೊದಲ ದಿನವೇ ಕಟ್ಟಿಕೊಂಡರು. ಬ್ಯಾಂಕಿನವರಿಗೆ ತೋರಿಸಲು ಫೋಟೋ ತೆಗೆಸಿಕೊಂಡರು. ಫೋಟೋದವನು ಕ್ಯಾಮೆರಾ ಇಳಿಸುವುದರೊಳಗೆ, ಜಾರುವ ಮುಂಚೆಯೇ, ನಿಂತಲ್ಲೇ ಬಿದ್ದು ಮೊಣಕಾಲು ತಿರುಚಿಕೊಂಡರು. ಅಂದಿನಿಂದ ಹೋಟೆಲಿನ ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಟಿವಿ ನೋಡುತ್ತಾರೆ. "ಆ ಪಟ್ಟಿ ಆಟ ಒಂದು ಬಿಟ್ಟು ಇಲ್ಲಿ ಇನ್ನೇನೇನು ಐತೋ ಅದನ್ನೆಲ್ಲ ನೀವಿಬ್ರೂ ಆಡಿ ಬರ್ರಿ" ಎಂದು ಅಪ್ಪಣೆಯಾಗಿದೆ.

ಆಡುತ್ತಿದ್ದೇವೆ. ಒಂದು ಹಲಗೆ. ಅದಕ್ಕೆ ಹಗ್ಗ ಕಟ್ಟಿ ಹರಕು ಸ್ವೆಟರಿನ ಒಬ್ಬ ಮನುಷ್ಯ ನಮ್ಮನ್ನು ಎತ್ತಿನಂತೆ ಮೇಲಕ್ಕೆ ಎಳೆಯುತ್ತಾನೆ. ಮೇಲಿನಿಂದ ಹಲಗೆ ತಾನಾಗಿ ಜಾರುತ್ತದೆ. ಮೊಮ್ಮಕ್ಕಳನ್ನು ಕಂಡವರೆಲ್ಲ ಅದರ ಮೇಲೆ ಕೂತು ಜೀವ ಹೋದಂತೆ ಕಿರುಚುತ್ತಾರೆ, ಕೆಳಗೆ ಬಂದು ಇನ್ನೊಮ್ಮೆ ಎನ್ನುತ್ತಾರೆ. ಲಾರಿ ಟ್ಯೂಬಿನೊಳಗೆ ಕೂತು ಜಾರುವುದು ಇನ್ನೊಂದು. ಯಾಕ್ ಎಂಬ ಪ್ರಾಣಿಯ ಮೇಲೆ ಕೂರಿಸಿ ಹತ್ತು ಹೆಜ್ಜೆ ನಡೆಸುತ್ತಾರೆ. ಅದರ ಕಣ್ಣಲ್ಲಿ ನಮ್ಮ ಬಗ್ಗೆ ಇರುವ ಅಭಿಪ್ರಾಯ ಸರಿಯಾದದ್ದೇ. ಈ ಊರಿನ ಹೆಂಗಸರ ಉಡುಪು ಬಾಡಿಗೆಗೆ ತೊಟ್ಟು, ಬಾಡಿಗೆಯ ಮೊಲ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುವುದೂ ಇದೆ. ಒಂದೇ ಮೊಲ, ಮಧ್ಯಾಹ್ನದೊಳಗೆ ನಲವತ್ತು ಜನರ ಕೈ ಕಂಡಿತು. ಹಿಮ ಗುಡ್ಡೆ ಹಾಕಿ ಮನುಷ್ಯನ ಆಕಾರ ಮಾಡಿ ಅದಕ್ಕೆ ಮಫ್ಲರ್ ಸುತ್ತಿದರು. ಮಫ್ಲರ್ ಇಲ್ಲದೆ ಹಗ್ಗ ಎಳೆಯುತ್ತಿದ್ದವನು ನಿಂತು ನೋಡಿದ.

ವಶಿಷ್ಠ ಎಂಬ ಹಳ್ಳಿಯಲ್ಲಿ ಬಿಸಿನೀರಿನ ಬುಗ್ಗೆ ಇದೆ. ಹೆಂಗಸರಿಗೆ ಬೇರೆ ಗುಂಡಿ. ಅಲ್ಲಿ ಪಂಪಿಯೂ ನಾನೂ ತುಂಬಾ ಹೊತ್ತು ಕೂತಿದ್ದೆವು.

ಹಲಗೆಯ ಸಾಲಿನಲ್ಲಿ ಪಂಪಿ ಎರಡು ದಿನವೂ ನಿಂತಳು. ಪಾಳಿ ಬಂದಾಗ ಹಿಂದಕ್ಕೆ ಸರಿದಳು. ಮೂರನೇ ದಿನ ಕೂತಳು. ಅದರ ಕಾರಣವನ್ನು ಈ ಪತ್ರದಲ್ಲಿ ಬರೆಯುವುದಿಲ್ಲ.

ಇತಿ,
ಸುಮಲತಾ


ಕೊಟ್ಟೂರು
೧೨ ಜನವರಿ ೧೯೯೯

ಸುಮಲತಾ,

ನಿನ್ನ ಪ್ರವಾಸದ ಪುರಾಣ ಮುಟ್ಟಿತು. ಎರಡು ರಾತ್ರಿ ಎರಡು ಹಗಲು ರೈಲಿನಲ್ಲಿ ಕೂತು, ಮೇಲೆ ಒಂದು ದಿನ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗಿ, ಹಲಗೆಯ ಮೇಲೆ ಕೂತು ಜಾರಿದಿರಿ. ನಮ್ಮ ಓಣಿಯ ಮಕ್ಕಳು ತೆಂಗಿನ ಗರಿಯ ಮೇಲೆ ಕೂತು ಇದೇ ಆಟ ಆಡುತ್ತಾರೆ. ಅವರಿಗೆ ಐದು ವರ್ಷ. ಹಾಲು ಕೊಡದ ಕೂದಲಿನ ಎಮ್ಮೆ ಹತ್ತಿ ಹತ್ತು ಹೆಜ್ಜೆ. ಬಿಸಿನೀರು ಬೇಕಿದ್ದರೆ ಹಂಡೆಗೆ ಬೆಂಕಿ ಹಾಕಿದರೆ ಸಿಗುತ್ತಿತ್ತು. ಹಿಮದ ಬೊಂಬೆಗೆ ಮಫ್ಲರ್ ಸುತ್ತಿದವರ ಮನೆಯಲ್ಲಿ ಎಷ್ಟು ಜನ ಮುದುಕರು ಕಂಬಳಿ ಇಲ್ಲದೆ ಮಲಗಿದ್ದಾರೋ ಕೇಳಬೇಕಿತ್ತು. ನಿಂತಲ್ಲೇ ಬಿದ್ದ ನಿನ್ನ ಗಂಡನ ಬಗ್ಗೆ ನನಗೆ ಆಶ್ಚರ್ಯವಿಲ್ಲ. ನಿಲ್ಲುವುದು ಆತನಿಗೆ ಎಂದೂ ಒಗ್ಗಿದ್ದಲ್ಲ.

ಇಷ್ಟೇ ಆಗಿದ್ದರೆ ನಾನು ಉತ್ತರ ಬರೆಯುತ್ತಿರಲಿಲ್ಲ.

ನಿನ್ನೆ ಪಂಚಾಕ್ಷರಪ್ಪ ಪ್ರಸಾದ ಕೊಡುವ ನೆಪದಲ್ಲಿ ಬಂದರು. ಚಹಾ ಕುಡಿದು ಬಸಿಯನ್ನು ಕೆಳಗಿಟ್ಟು ಕೇಳಿದರು: "ಅಕ್ಕಾರ, ನಿಮ್ಮ ಅಳಿಯ ಈಗ ಮಾಡಿಕೊಂಡಾನಲ್ಲ, ಆಕಿ ಹೆಸರು ಏನ್ರಿ?"

"ಸುಮಲತಾ ಅಂತ. ಯಾಕ?"

"ಏನಿಲ್ರಿ. ಟೂರಿನ್ಯಾಗ ಹನ್ನೊಂದು ದಿನ ಆಕಿನ್ನ ಅರ್ಚನಾ ಮೇಡಂ, ಅರ್ಚನಾ ಮೇಡಂ ಅಂತ ಕರದ್ರು. ಆಕಿನೂ ಹೂಂ ಅಂತಿದ್ಲು. ನಮ್ಮಾಕಿ ಸುಮ್ನಿರ್ರಿ ನಿಮಗ್ಯಾಕ ಅಂದ್ಲು, ಸುಮ್ನಿದ್ದೆ."

ಹನ್ನೊಂದು ದಿನ ಸುಮ್ಮನಿದ್ದ ಮನುಷ್ಯ ನನ್ನ ಪಡಸಾಲೆಯಲ್ಲಿ ಕೂತು ಬೀದಿಗೆ ಕೇಳುವಂತೆ ಹೇಳಿದ. ಹೆಸರು ಕಿವಿಗೆ ಬಿದ್ದು ನಮ್ಮ ಯಜಮಾನರು ಹಿತ್ತಲಿಂದ ಎದ್ದು ಬಂದರು. ಬಾಗಿಲಲ್ಲಿ ನಿಂತು ಯಾರು ಬಂದಿದ್ದಾರೆ ಎಂದು ನೋಡಿದರು. ಮತ್ತೆ ಹಿತ್ತಲ ಕಲ್ಲಿಗೆ ಹಿಂದಿರುಗಿದರು.

ಅವಳ ಗಂಡ ನಿನಗೆ. ಅವಳ ಮಗು, ಅವಳ ಅಡಿಗೆ ಮನೆ, ಅವಳ ಹಾಸಿಗೆ ನಿನಗೆ. ಹೆಸರೊಂದು ನನ್ನಲ್ಲಿ ಉಳಿದಿದೆ ಎಂದುಕೊಂಡಿದ್ದೆ. ಅದನ್ನೂ ತೊಟ್ಟುಕೊಂಡು ತಿರುಗಿದೆಯಾ, ಬಾಡಿಗೆಯ ಕೋಟಿನ ಹಾಗೆ?

ಬ್ಯಾಂಕಿನ ಸವಲತ್ತಿನಲ್ಲಿ ಹೋದ ಪ್ರವಾಸ ಎಂದೂ ಅವರು ಹೇಳಿದರು. ನಾನು ಏಳನೇ ತರಗತಿ ಓದಿದವಳು, ಕೂಡಿಸಿ ನೋಡಲು ಅಷ್ಟು ಸಾಕು. ಈ ತಿಂಗಳು ಮುಗಿಯುವುದರೊಳಗೆ ಪಂಪಿಯನ್ನು ಬಟ್ಟೆಬರೆ ಸಹಿತ ಇಲ್ಲಿಗೆ ತಂದು ಬಿಡಬೇಕು. ಇಲ್ಲದಿದ್ದರೆ ನಾನೇ ಹಡಗಲಿಗೆ ಬಂದು ಮ್ಯಾನೇಜರ ಮೇಜಿನ ಮೇಲೆ ನನ್ನ ಮಗಳ ಮರಣಪತ್ರ ಇಡುತ್ತೇನೆ. ಫೆಬ್ರವರಿಯಲ್ಲಿ ಸತ್ತವಳು ಡಿಸೆಂಬರಿನಲ್ಲಿ ರೈಲು ಹೇಗೆ ಹತ್ತಿದಳು ಎಂದು ಅವರೇ ವಿಚಾರಿಸಲಿ.

ಶಿವಬಸಮ್ಮ


ಹಡಗಲಿ
೨೦ ಜನವರಿ ೧೯೯೯

ಶಿವಬಸಮ್ಮನವರಿಗೆ,

ನೀವು ಕೂಡಿಸಿದ್ದು ಸರಿಯಾಗಿದೆ.

ಗುಂತಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ, ರೈಲು ಬರುವ ಮುಂಚೆ, ಅವರು ಹೇಳಿದರು: "ಯಾರರ ಹೆಸರು ಕೇಳಿದ್ರ ಅರ್ಚನಾ ಅನ್ನು."

ಯಾಕೆ ಎಂದೆ.

"ಬ್ಯಾಂಕಿನ ಕಾಗದದಾಗ ಇನ್ನೂ ಆಕಿ ಹೆಸರೇ ಐತಿ. ನಿನ್ನ ಹೆಸರು ಏರ್ಸಾಕ ಮೂರು ತಿಂಗಳು ಬೇಕಂತ. ಈ ಸಲದ ಎಲ್‌ಟಿಸಿ ಡಿಸೆಂಬರ್ ಮೂವತ್ತೊಂದಕ್ಕ ಸತ್ತು ಹೋಗ್ತತಿ. ಹನ್ನೊಂದು ದಿನ ಹೂಂ ಅಂದ್ರ ನೀನೇನು ಸವದು ಹೋಗ್ತೀಯಾ?"

ನಾಲ್ಕು ವರ್ಷಕ್ಕೊಮ್ಮೆ ನೌಕರರ ಕುಟುಂಬಕ್ಕೆ ಬ್ಯಾಂಕು ಕೊಡುವ ಪ್ರವಾಸ ಅದು. ಆ ಕುಟುಂಬದಲ್ಲಿ ನಾನು ಇರಲಿಲ್ಲ. ಅಲ್ಲಿಂದಲೇ ತೆಲಿಗಿಗೆ ಹೋಗಿಬಿಡೋಣ ಎನಿಸಿತು. ಪಂಪಿ ನನ್ನ ಸೆರಗು ಹಿಡಿದುಕೊಂಡಿದ್ದಳು. ಹತ್ತಿದೆ. ಅದು ನನ್ನ ತಪ್ಪು.

ಟಿಸಿ ಬಂದು ಪಟ್ಟಿ ಓದಿದ. ಅರುಣಕುಮಾರ್. ಅರ್ಚನಾ. ನಾನು ಹೂಂ ಅಂದೆ. ಪಂಪಿ ಕಿಟಕಿಯಿಂದ ಮುಖ ತಿರುಗಿಸಿ ಬೋಗಿಯ ಬಾಗಿಲ ಕಡೆ ನೋಡಿದಳು. ಆಮೇಲೆ ದೆಹಲಿಯ ತನಕ ಪ್ರತಿ ಸ್ಟೇಷನ್ನಿನಲ್ಲೂ ನೋಡಿದಳು. ನನಗೆ ಅರ್ಥವಾಗಲಿಲ್ಲ.

ಹಲಗೆಯ ಸಾಲಿನಲ್ಲಿ ಟೂರಿನ ಮ್ಯಾನೇಜರ್ ಪಟ್ಟಿ ಹಿಡಿದು ಕೂಗುತ್ತಿದ್ದ. "ಅರ್ಚನಾ ಮೇಡಂ, ನಿಮ್ಮ ಪಾಳಿ" ಎಂದ. ನಾನು ಮುಂದೆ ಹೋದೆ. ಪಂಪಿ ನನ್ನ ಕೋಟು ಹಿಡಿದು ಹಿಂದಕ್ಕೆ ಜಗ್ಗಿದಳು.

"ಹತ್ತಬ್ಯಾಡ ಚಿಗವ್ವ. ಅದು ನಮ್ಮವ್ವನ ಪಾಳಿ. ಆಕಿ ಬರಾಕತ್ಯಾಳ."

"ಎಲ್ಲಿಂದ?"

"ಹುಬ್ಬಳ್ಳಿ ದವಾಖಾನಿಯಿಂದ. ಆರಾಮಾದ ಕೂಡ್ಲೇ ಬರ್ತಾಳಂತ ಅಜ್ಜಿ ಹೇಳ್ಯಾಳ."

ಎರಡು ದಿನ ಅವಳು ಆ ಸಾಲಿನಲ್ಲಿ ನಿಂತು ತಾಯಿಯ ಹಲಗೆಯನ್ನು ಕಾಯ್ದಳು. ಬೇರೆಯವರು ಹತ್ತಿದರೆ ಅಳುತ್ತಿದ್ದಳು. ಮ್ಯಾನೇಜರ್, "ಮಗೂಗೆ ಭಯ ಕಣ್ರೀ" ಎಂದು ಎಲ್ಲರಿಗೂ ಹೇಳಿದ. ಹೋಟೆಲಿನಲ್ಲಿ ಅವರಿಗೆ ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ, "ಊರಿಗೆ ಹೋದ ಮ್ಯಾಲ ನಿಧಾನಕ ಹೇಳಿದ್ರಾತು" ಎಂದರು. ನನ್ನ ಮೇಲೆ ನಿಮಗಿರುವ ತಿರಸ್ಕಾರ ನನಗೆ ಗೊತ್ತು. ಆವತ್ತು ಅವರ ಮೇಲೆ ನನಗೆ ಹುಟ್ಟಿದ್ದು ಅದಕ್ಕಿಂತ ಕಡಿಮೆಯದಲ್ಲ.

ಮೂರನೇ ದಿನ ಸಾಲು ಬಿಡಿಸಿ, ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿ ಹೇಳಿದೆ. "ಪಂಪಿ, ನಿಮ್ಮವ್ವ ಬರಲ್ಲ. ಹುಬ್ಬಳ್ಳಿಯಾಗೇ ತೀರಿಕೊಂಡ್ಲು. ಕೊಟ್ಟೂರಿನ ಹೊಲದಾಗೆ ಮಣ್ಣು ಮಾಡ್ಯಾರೆ. ಅವರು ಕರೀತಿರೋದು ನನ್ನ. ಪಟ್ಟಿಯಾಗೆ ಸುಳ್ಳು ಬರೆಸ್ಯಾರೆ."

"ಸತ್ತಾಳ?"

"ಹೂಂ."

"ಅಜ್ಜಿಗೆ ಗೊತ್ತೈತಾ?"

ನಾನು ಏನು ಹೇಳಬೇಕಿತ್ತು? ಗೊತ್ತೈತೆ ಎಂದೆ.

ಅವಳು ಎದ್ದು ಹೋಗಿ ಹಲಗೆಯ ಮೇಲೆ ಒಬ್ಬಳೇ ಕೂತಳು. ಎಳೆಯುವವನು ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಮೂರು ಸಲ ಹೋಗಿ ಬಂದಳು. ಸುತ್ತ ದೊಡ್ಡವರೆಲ್ಲ ಕಿರುಚುತ್ತಿದ್ದರು, ಇವಳ ಬಾಯಿಂದ ಸದ್ದೇ ಇಲ್ಲ. ಆಮೇಲೆ ಬಿಸಿನೀರಿನ ಗುಂಡಿಯಲ್ಲಿ ಅತ್ತಳು. ಮುಖ ತೊಳೆಯುತ್ತಿದ್ದಾಳೆ ಎಂದು ಉಳಿದವರು ತಿಳಿದರು.

ನೀವು ಬ್ಯಾಂಕಿಗೆ ಹೋಗುವುದಾದರೆ ಹೋಗಿ. ನಾನು ತಡೆಯುವುದಿಲ್ಲ. ಪಂಪಿಯನ್ನು ಮಾತ್ರ ಬಟ್ಟೆಬರೆಯ ಜೊತೆ ಸೇರಿಸಿ ಕೇಳಬೇಡಿ. ಅವಳು ಎಲ್ಲಿರಬೇಕು ಎಂಬುದನ್ನು ಅವಳನ್ನು ಕೇಳಿ. ನೀವು ಏನು ಹೇಳಿದರೂ ಇನ್ನು ಅವಳು ಪರೀಕ್ಷೆ ಮಾಡಿ ನೋಡುತ್ತಾಳೆ.

ಸುಮಲತಾ


ಕೊಟ್ಟೂರು
೬ ಫೆಬ್ರವರಿ ೧೯೯೯

ಸುಮಲತಾ,

ಒಂದನೇ ತಾರೀಖು ಕಳೆಯಿತು. ನಾನು ಹಡಗಲಿಗೆ ಬರಲಿಲ್ಲ. ಪಂಚಾಕ್ಷರಪ್ಪ ದಿನಾ ಅಂಗಡಿಗೆ ಹೋಗುವಾಗ "ಹೋಗಿದ್ರೇನ್ರಿ ಅಕ್ಕಾರ, ಬ್ಯಾಂಕಿಗೆ?" ಎಂದು ಕೇಳುತ್ತಾರೆ. "ನಿಮ್ಮ ಹಿಮ ಕರಗ್ಲಿ ತಡೀರಿ" ಎಂದೆ. ಈಗ ಬೇರೆ ಓಣಿಯಿಂದ ಹೋಗುತ್ತಾರೆ.

ಅರ್ಚನಾಳಿಗೆ ಕಾಮಾಲೆ ಏರಿ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದಾಗ ಪಂಪಿ ಬಾಗಿಲಲ್ಲಿ ನಿಂತು ಕೈ ಮಾಡಿದಳು. ಮಣ್ಣು ಮಾಡುವ ದಿನ ಅವಳನ್ನು ಹಂಪಸಾಗರದಲ್ಲಿ ಬೀಗಿತ್ತಿ ಪಂಪಮ್ಮನ ಹತ್ತಿರ ಬಿಟ್ಟಿದ್ದೆವು. ಮೂರು ದಿನ ಬಿಟ್ಟು ಬಂದು, ಅವ್ವ ಎಲ್ಲಿ ಎಂದಳು. ಇನ್ನೂ ಹುಬ್ಬಳ್ಳಿಯಾಗ ಅದಾಳ ಎಂದೆ. ಆವತ್ತು ಬೇರೆ ಮಾತು ಬಾಯಿಗೆ ಬರಲಿಲ್ಲ. ಅದು ಆವತ್ತಿನ ಮಾತಾಯಿತು. ಆಮೇಲಿನ ತಿಂಗಳುಗಳಿಗೆ ಆ ಕಾರಣ ಸಾಲದು.

ನಿಜ ಬರೆಯುತ್ತೇನೆ. ಅವಳು ಹಾಗೆ ಕೇಳುವುದು ನನಗೆ ಬೇಕಾಗಿತ್ತು. ಊರಿನವರೆಲ್ಲ ಅರ್ಚನಾಳ ಮಾತು ಬಂದರೆ "ಇದ್ದಳು" ಎನ್ನುತ್ತಿದ್ದರು. ಪಂಪಿ ಒಬ್ಬಳೇ "ಬರ್ತಾಳ" ಎನ್ನುತ್ತಿದ್ದಳು. ಅವಳು ರಜೆಗೆ ಬಂದು ಕೇಳಿದಾಗಲೆಲ್ಲ ನಾನು ಹುಬ್ಬಳ್ಳಿಯ ಸುದ್ದಿ ಹೊಸದಾಗಿ ಕಟ್ಟಿ ಹೇಳಿದೆ. ಈಗ ಎದ್ದು ಕೂರುತ್ತಾಳಂತೆ, ಗಂಜಿ ಕುಡಿಯುತ್ತಾಳಂತೆ. ಹೇಳುವಾಗ ನನಗೂ ಕಾಣುತ್ತಿತ್ತು. ನಿನ್ನ ಗಂಡ ಅವಳ ಹೆಸರನ್ನು ಹನ್ನೊಂದು ದಿನ ದುಡಿಸಿದ. ನಾನು ಹತ್ತು ತಿಂಗಳು.

ಹತ್ತೊಂಬತ್ತಕ್ಕೆ ವರ್ಷ ತುಂಬುತ್ತದೆ. ಪಂಪಿಯನ್ನು ಕರೆದುಕೊಂಡು ಬಾ. ಹೊಲದಲ್ಲಿ ಸಮಾಧಿ ಇದೆ, ಅವಳು ನೋಡಿಲ್ಲ. ಅದನ್ನು ತೋರಿಸುವ ಧೈರ್ಯ ನನಗಿಲ್ಲ. ನೀನು ತೋರಿಸು. ನಿನ್ನನ್ನು ಕರೆಯುತ್ತಿರುವುದು ಇದಕ್ಕೆ, ಬೇರೆ ಅರ್ಥ ಮಾಡಿಕೊಳ್ಳಬೇಡ.

ಶಿವಬಸಮ್ಮ


ಕೊಟ್ಟೂರು
೨೪ ಫೆಬ್ರವರಿ ೧೯೯೯

ಸುಮಲತಾ,

ನೀವು ಹೋಗಿ ಐದು ದಿನ ಆಯಿತು. ಯಜಮಾನರು ಎರಡು ಸಲ ಹೊಲಕ್ಕೆ ಹೋಗಿ ಬಂದರು. ಊಟಕ್ಕೆ ತಾವೇ ಕೇಳಿದರು.

ನಿನ್ನ ಗಂಡ ಬ್ಯಾಂಕಿಗೆ ತಪ್ಪು ಒಪ್ಪಿಕೊಂಡು ಬರೆದುಕೊಟ್ಟ ವಿಷಯವನ್ನು ನೀನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ. ತಾನಾಗಿ ಬರೆದನೋ ನೀನು ಬರೆಸಿದೆಯೋ ಎಂದು ನಾನು ಕೇಳಲಿಲ್ಲ. ಏಳು ವರ್ಷ ಅಳಿಯನನ್ನು ನೋಡಿದವಳು ಕೇಳಬೇಕಾದ ಪ್ರಶ್ನೆ ಅಲ್ಲ ಅದು.

ನೀನು ಹೊಲದ ಬಾವಿಯ ಹತ್ತಿರ ನೀರು ಸೇದಲು ಹೋದಾಗ ಆದ ಮಾತು ನಿನಗೆ ಗೊತ್ತಿಲ್ಲ. ಪಂಪಿ ಸಮಾಧಿಯ ಕಲ್ಲಿನ ಮೇಲಿನ ಕಡ್ಡಿಗಳನ್ನು ಆರಿಸಿ ಎಸೆಯುತ್ತಿದ್ದಳು. ನನ್ನ ಮುಖ ನೋಡದೆ ಕೇಳಿದಳು.

"ಅಜ್ಜಿ, ಇಲ್ಲಿಂದ ಹುಬ್ಬಳ್ಳಿಗೆ ಹೋಗಾಕ ಎಷ್ಟೊತ್ತು ಬೇಕು?"

"ನಾಕು ತಾಸು."

"ಬರಾಕ?"

"ಬರಾಕೂ ಅಷ್ಟೇ."

"ಹಂಗಾರ ವರ್ಷ ಬೇಕಾಗಂಗಿಲ್ಲ."

"ಇಲ್ಲವ್ವ."

ಅವಳು ಇನ್ನೊಂದು ಕಡ್ಡಿ ಎಸೆದಳು. ನಾನು ಅವಳ ಮುಂದೆ ಕೂತು, ಸುಳ್ಳು ಹೇಳಿದ್ದೆ, ತಪ್ಪಾಯಿತು ಎಂದೆ. ಐದೂವರೆ ವರ್ಷದ ಮಗುವಿನ ಮುಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ಎನ್ನಬೇಕಾಗಿಯೂ ಇಲ್ಲ. ಕೊಟ್ಟೂರಲ್ಲಿ ನನ್ನ ಹತ್ತಿರ ಇರ್ತೀಯಾ ಎಂದು ಕೇಳಿದೆ. "ರಜಾಕ್ಕ ಬರ್ತೀನಿ" ಎಂದಳು. ಆಮೇಲೆ ನೀನು ಕೊಡ ಹೊತ್ತು ಬಂದೆ, ಅವಳು ನಿನ್ನ ಕಡೆ ಬಂದು ನಿಂತಳು.

ನಿನ್ನ ಮೇಲೆ ನನಗೆ ಪ್ರೀತಿ ಹುಟ್ಟಿದೆ ಎಂದು ತಿಳಿಯಬೇಡ. ನಿನ್ನನ್ನು ಕಂಡರೆ ಈಗಲೂ ಬಾಗಿಲು ಹಾಕಿಕೊಳ್ಳೋಣ ಎನಿಸುತ್ತದೆ. ಇನ್ನೂ ಬಹಳ ದಿನ ಎನಿಸಬಹುದು. ಆದರೆ ನಮ್ಮ ಎರಡೂ ಮನೆಗಳಲ್ಲಿ ಆ ಮಗುವಿಗೆ ನಿಜ ಹೇಳಿದವಳು ನೀನೊಬ್ಬಳೇ. ಅವಳು ನಿನ್ನಲ್ಲೇ ಇರಲಿ.

ಜೂನ್‌ನಲ್ಲಿ ಹಡಗಲಿಯ ಶಾಲೆಗೇ ಸೇರಿಸು. ಅರ್ಜಿಯಲ್ಲಿ ತಾಯಿಯ ಹೆಸರು ಎಂಬಲ್ಲಿ ಅರ್ಚನಾ ಎಂದು ಬರೆ. ಪೋಷಕರು ಎಂಬಲ್ಲಿ ಸುಮಲತಾ ಎಂದು ಬರೆ. ಎರಡು ಸಾಲನ್ನೂ ನೀನೇ ಬರೆ. ನಿನ್ನ ಗಂಡನ ಕೈಗೆ ಅರ್ಜಿ ಕೊಡಬೇಡ.

ಶಿವಬಸಮ್ಮ